ಮೇಷ್ಟ್ರ ಭೇಷ್

ವೇದಿಕೆಯ ಮೇಲೆ ಕುಸುಮ ಬಾಯಿ ತೆರೆದದ್ದು ಸಿದ್ದಮಲ್ಲಪ್ಪನವರಿಗೆ ಕಾಣಿಸಿತು. ಕತ್ತಿನ ನರವೊಂದು ಬಿಗಿಯಿತು, ಬಲಗೈ ತೊಡೆಯ ಮೇಲೆ ಬಿದ್ದು ಎದ್ದು ತಾಳ ಹಾಕತೊಡಗಿತು, ಪಿಟೀಲಿನವನ ಕಮಾನು ಅವಳ ಹಿಂದೆಯೇ ಜಾರಿತು. ಸಂಗೀತ ಕಚೇರಿಯ ಮೊದಲ ಹಾಡು, ವರ್ಣ, ಶುರುವಾಗಿದೆ ಎಂದು ಅವರು ಅರ್ಥ ಮಾಡಿಕೊಂಡರು. ಮುಖದ ಮೇಲೆ ಎಂದಿನ ಅರೆನಗೆ ತಂದುಕೊಂಡು, ಕಣ್ಣು ಅರ್ಧ ಮುಚ್ಚಿ, ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ ಕೂತರು. ಅವರು ಹಾಗೆ ಕೂತರೆಂದರೆ ಸಂಗೀತದೊಳಗೆ ಇಳಿದಿದ್ದಾರೆ ಎಂದು ಕೊಳ್ಳೇಗಾಲದ ಜನಕ್ಕೆಲ್ಲ ಗೊತ್ತಿತ್ತು.

ಅವರಿಗೆ ಕೇಳುತ್ತಿದ್ದದ್ದು ಮೃದಂಗದ ಎಡಮಗ್ಗುಲಿನ ಗುಮ್ಮೆನ್ನುವ ಪೆಟ್ಟು ಮಾತ್ರ. ಅದೂ ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಬಡಿದ ಹಾಗೆ.

ಕಿವಿಯಿಂದ ಮೊದಲು ಹೋದದ್ದು ಕುಕ್ಕರಿನ ಸೀಟಿ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಡುಗೆಮನೆಯಿಂದ ಸೀದ ವಾಸನೆ ಬಂದಾಗ, "ಪಕ್ಕದಲ್ಲೇ ಕುಂತಿದ್ದೀರಲ್ಲ, ಆರು ಸಲ ಕೂಗ್ತು, ಒಲೆ ಆರ್ಸಕ್ಕಾಗ್ನಿಲ್ವಾ?" ಎಂದು ಹೆಂಡತಿ ಪುಟ್ಟಬಸಮ್ಮ ಹಿತ್ತಿಲಿಂದ ಓಡಿಬಂದು ಬೈದಿದ್ದರು. ಸೀಟಿಯ ಹಿಂದೆ ಪಿಟೀಲು ಹೋಯಿತು. ಆಮೇಲೆ ಮಕ್ಕಳ ದನಿ, ಹೆಂಗಸರ ದನಿ. ಮೈಸೂರಿನ ಡಾಕ್ಟರು ಕಿವಿಗೆ ಸಿಕ್ಕಿಸುವ ಮಿಷನ್ ಕೊಡಿಸಿದರು. ಮನೆಗೆ ಬಂದು ಅದನ್ನು ಹಾಕಿಕೊಂಡು ಹಳೆಯ ಕ್ಯಾಸೆಟ್ಟೊಂದನ್ನು ಹಚ್ಚಿದರೆ, ನಲವತ್ತು ವರ್ಷ ಕೇಳಿದ ತೋಡಿ ರಾಗವನ್ನು ಯಾರೋ ಮೊಳೆಯಲ್ಲಿ ಸ್ಟೀಲ್ ತಟ್ಟೆಯ ಮೇಲೆ ಗೀರುತ್ತಿದ್ದರು. ಆವತ್ತೇ ಅದು ಬೀರುವಿನಲ್ಲಿ ಪುಟ್ಟಬಸಮ್ಮನ ಸೀರೆಗಳ ಅಡಿಗೆ ಸೇರಿತು. ವಿಷಯ ಅವರಿಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಹೇಳಿಕೊಳ್ಳಲು ಏನು ಕಷ್ಟವಿತ್ತು ಎಂದು ಬೇರೆಯವರು ಕೇಳಬಹುದು. ಸಿದ್ದಮಲ್ಲಪ್ಪ ಯಳಂದೂರಿನ ಹತ್ತಿರದ ಅಗರದವರು. ಗದ್ದೆಗೆ ನೀರು ಕಟ್ಟುತ್ತಿದ್ದ ಅಪ್ಪನ ಮಗ. ಪಂಚಾಯ್ತಿ ಕಟ್ಟೆಯ ರೇಡಿಯೋದಲ್ಲಿ ಕಚೇರಿ ಕೇಳುತ್ತಾ ನಿಂತು ಮೇಯಲು ಬಿಟ್ಟ ಎಮ್ಮೆ ಪರರ ಹೊಲಕ್ಕೆ ಬಿದ್ದದ್ದಕ್ಕೆ ಅಪ್ಪನಿಂದ ಒದೆ ತಿಂದವರು. ಮುಂದೆ ವಿಜ್ಞಾನದ ಮೇಷ್ಟ್ರಾಗಿ ಕೊಳ್ಳೇಗಾಲಕ್ಕೆ ಬಂದಾಗ, ಇಲ್ಲಿನ ಸಂಗೀತ ಸಭೆಯಲ್ಲಿ ಅವರನ್ನು ಮೊದಮೊದಲು ಕೊನೆಯ ಸಾಲಿನಲ್ಲಿ ಕೂರಿಸಿ, ಕಾಫಿ ಹಂಚಲು ಕರೆಯುತ್ತಿದ್ದರು. ಹಾಡಲು ಬಾರದು, ನುಡಿಸಲು ಬಾರದು, ಮನೆತನದಲ್ಲಿ ಯಾರೂ ಈ ಕಡೆ ತಲೆ ಹಾಕಿದವರಲ್ಲ. ಇದ್ದದ್ದು ಕಿವಿ ಒಂದೇ. ಒಮ್ಮೆ ಹೆಸರಾಂತ ವಿದ್ವಾಂಸರೊಬ್ಬರ ಸ್ವರ ಎಲ್ಲಿ ಜಾರಿತು ಎಂದು ಅವರು ಕಾಫಿ ಲೋಟ ಹಿಡಿದುಕೊಂಡೇ ಮೆಲ್ಲಗೆ ಹೇಳಿದ್ದನ್ನು ಆ ವಿದ್ವಾಂಸರೇ ಒಪ್ಪಿಕೊಂಡಿದ್ದರು. ಆವತ್ತಿನಿಂದ ಒಂದೊಂದೇ ಸಾಲು ಮುಂದೆ ಬಂದು, ಈಗ ಹನ್ನೊಂದು ವರ್ಷದಿಂದ ಸಭೆಯ ಅಧ್ಯಕ್ಷರಾಗಿ ಮೊದಲ ಸಾಲಿನ ನಡುವಿನ ಸೋಫಾದಲ್ಲಿ ಕೂರುತ್ತಿದ್ದರು. ಕಿವಿ ಹೋಯಿತು ಎಂದರೆ ಆ ಸೋಫಾದಲ್ಲಿ ಕೂರಲು ಅವರಿಗೆ ಬೇರೆ ಯಾವ ಹಕ್ಕೂ ಇರಲಿಲ್ಲ. ಕನಿಷ್ಠ ಅವರು ಹಾಗೆ ನಂಬಿದ್ದರು.

ಭಾನುವಾರ ಬೆಳಿಗ್ಗೆ ಹತ್ತೂವರೆ. ಕಲ್ಯಾಣಮಂಟಪದಲ್ಲಿ ಇನ್ನೂರು ಕುರ್ಚಿ ತುಂಬಿತ್ತು. ಹನೂರಿನ ಕಡೆಯಿಂದಲೇ ಒಂದು ಟೆಂಪೋ ಜನ ಬಂದಿದ್ದರು, ಕುಸುಮಳ ಮೊದಲ ಪೂರ್ಣ ಕಚೇರಿ ನೋಡಲು. ಅವಳಪ್ಪ ನಿಂಗರಾಜು ಅಲ್ಲಿ ಲೈನ್‌ಮನ್. ಇವಳು ಎಂಟನೇ ಕ್ಲಾಸಿನಲ್ಲಿದ್ದಾಗ ಹನೂರು ಹೈಸ್ಕೂಲಿಗೆ ವರ್ಗವಾಗಿ ಹೋಗಿದ್ದ ಸಿದ್ದಮಲ್ಲಪ್ಪನವರು ಬೆಳಗಿನ ಪ್ರಾರ್ಥನೆಯಲ್ಲಿ ಅವಳ ದನಿ ಕೇಳಿ, ಅಪ್ಪನನ್ನು ಒಪ್ಪಿಸಿ, ಕೊಳ್ಳೇಗಾಲದ ಸಂಗೀತದ ಟೀಚರೊಬ್ಬರ ಬಳಿ ಬಿಟ್ಟಿದ್ದರು. ಹತ್ತು ವರ್ಷ ವಾರಕ್ಕೆರಡು ಸಲ ಬಸ್ಸಿನಲ್ಲಿ ಬಂದು ಹೋಗಿ ಕಲಿತ ಹುಡುಗಿ. ಎರಡು ವರ್ಷದ ಹಿಂದೆ ಆ ಟೀಚರು ತೀರಿಕೊಂಡ ಮೇಲೆ ಅವಳ ಪಾಠ ಒಪ್ಪಿಸಿಕೊಳ್ಳಲು ಇದ್ದವರು ಮೇಷ್ಟ್ರು ಒಬ್ಬರೇ. "ಮೇಷ್ಟ್ರು ಸರಿ ಅಂದ್ರೆ ಸರಿ" ಎನ್ನುತ್ತಿದ್ದಳು. ಎರಡು ವರ್ಷದಿಂದ ಅವರು ಕೇಳಿಸದೆಯೇ ಸರಿ ಎನ್ನುತ್ತಿದ್ದರು.

ಕಚೇರಿಗೆ ಕೂರಲು ಅವರು ಒಂದು ಉಪಾಯ ಕಂಡುಕೊಂಡಿದ್ದರು. ಹಾಡುವವರಿಂದ ಮೊದಲೇ ಹಾಡುಗಳ ಪಟ್ಟಿ ಬರೆಸಿಕೊಳ್ಳುವುದು. ಗಾಯಕರ ತಾಳದ ಕೈಯನ್ನೇ ನೋಡುವುದು. ತುಟಿ ನೋಡಿ ಯಾವ ಸಾಲಿನಲ್ಲಿದ್ದಾರೆ ಎಂದು ತಿಳಿಯುವುದು. ಮೃದಂಗದ ಪೆಟ್ಟು ಒತ್ತಾಗಿ ಬಂದು, ತಾಳದ ಕೈ ಬಲವಾಗಿ ಇಳಿದರೆ, ಅದೇ ಮುಕ್ತಾಯ, ಆಗ ತಲೆಯೆತ್ತಿ "ಭೇಷ್" ಎನ್ನುವುದು. ಅವರು ಭೇಷ್ ಎಂದರೆ ಹಿಂದಿನ ಸಾಲುಗಳು ಚಪ್ಪಾಳೆ ತಟ್ಟುತ್ತಿದ್ದವು. ಎಲ್ಲಿ ತಟ್ಟಬೇಕು ಎಂದು ಬಹಳ ಜನಕ್ಕೆ ಗೊತ್ತಿರಲಿಲ್ಲ. ಮೇಷ್ಟ್ರನ್ನು ನೋಡಿ ತಟ್ಟುತ್ತಿದ್ದರು. ಎಂಟು ಕಚೇರಿ ಹೀಗೇ ಕಳೆದಿದ್ದವು.

ಆದರೆ ಈ ದಿನ ಎಡಗಡೆ ರಂಗಸ್ವಾಮಿಯವರು ಕೂತಿದ್ದರು. ಮೈಸೂರಿನಲ್ಲಿ ಇಂಥದೇ ಒಂದು ಸಭೆ ನಡೆಸುವವರು, ಸ್ವತಃ ಹಾಡಬಲ್ಲವರು, ಮುಖ್ಯ ಅತಿಥಿಯಾಗಿ ಬಂದವರು. ಹಾಡಿನ ಒಂದೊಂದು ಹೊಸ ತಿರುವಿಗೂ ಇವರ ಕಡೆ ತಿರುಗಿ ಹುಬ್ಬೇರಿಸುತ್ತಿದ್ದರು. ಸಿದ್ದಮಲ್ಲಪ್ಪನವರೂ ಹುಬ್ಬೇರಿಸಬೇಕಾಗುತ್ತಿತ್ತು. ಬಲಗಡೆ ಸಭೆಯ ಖಜಾಂಚಿ. ಎದುರಿಗೆ ಮೂರು ಮಾರು ದೂರದಲ್ಲಿ ವೇದಿಕೆ, ಪಕ್ಕದಲ್ಲಿ ವಿಡಿಯೋ ತೆಗೆಯುವವನು, ಅವನ ಕ್ಯಾಮೆರಾ ಆಗಾಗ ಇವರ ಮುಖದ ಮೇಲೆ ಬಂದು ನಿಲ್ಲುತ್ತಿತ್ತು. ಸೋಫಾ ಹಳ್ಳದ ಹಾಗೆ ಕುಸಿದಿತ್ತು, ಏಳಬೇಕಾದರೆ ಯಾರಾದರೂ ಕೈ ಕೊಡಬೇಕು. ಎದ್ದರೂ ಇನ್ನೂರು ಜನ ನೋಡುತ್ತಾರೆ. ಅಧ್ಯಕ್ಷರು ನಡುವೆ ಎದ್ದರು ಎಂದರೆ ಹಾಡು ಹಿಡಿಸಲಿಲ್ಲ ಎಂದೇ ಅರ್ಥ. ನೀರಿನ ಬಾಟಲಿಯನ್ನು ಎರಡು ಸಲ ಬಾಯಿಗೆತ್ತಿ ಇಳಿಸಿದರು. ಹೆಂಗಸರ ಸಾಲಿನಲ್ಲಿ ಪುಟ್ಟಬಸಮ್ಮ ವೇದಿಕೆಯನ್ನು ನೋಡದೆ ತಮ್ಮನ್ನೇ ನೋಡುತ್ತಿದ್ದಾಳೆ ಎಂಬುದು ಅವರಿಗೆ ತಿರುಗದೆಯೂ ಗೊತ್ತಾಗುತ್ತಿತ್ತು.

ಐದು ಹಾಡು ಮುಗಿದವು. ಆರನೆಯದು ಪಟ್ಟಿಯಲ್ಲಿ ದೊಡ್ಡದು: ಕಲ್ಯಾಣಿ ರಾಗ, ಆದಿತಾಳ. ತಾಳ ಶುರುವಾಗಿ ಒಂದೂವರೆ ಎಣಿಕೆ ಬಿಟ್ಟು ಸಾಲನ್ನು ಎತ್ತಿಕೊಳ್ಳಬೇಕು. ನಡುವೆ ಸರಿಗಮದ ಸ್ವರ ಹಾಕುತ್ತಾ ಹಾಕುತ್ತಾ ಎಷ್ಟು ದೂರ ಹೋದರೂ ತಿರುಗಿ ಬಂದು ಅದೇ ಒಂದೂವರೆಗೆ ನಿಲ್ಲಬೇಕು. ಅಲ್ಲಿ ತಪ್ಪಿದರೆ ಮುಚ್ಚಿಕೊಳ್ಳಲು ಜಾಗವಿಲ್ಲ.

ಕುಸುಮಳ ತುಟಿಗಳು ವೇಗವಾಗಿ ಅಲುಗತೊಡಗಿದವು. ಸ್ವರ ಶುರುವಾಯಿತು. ಅವಳ ಹಣೆ ಬೆವತಿತ್ತು. ಪಿಟೀಲಿನವನು ಅವಳ ಬಾಯನ್ನೇ ನೋಡುತ್ತಿದ್ದ. ಮೃದಂಗದ ಗುಮ್ಮು ದಟ್ಟವಾಯಿತು, ಇನ್ನೂ ದಟ್ಟವಾಯಿತು. ಸಿದ್ದಮಲ್ಲಪ್ಪನವರು ಅವಳ ಕೈಯ ಮೇಲೇ ಕಣ್ಣಿಟ್ಟರು. ರಂಗಸ್ವಾಮಿ ಮುಂದಕ್ಕೆ ಬಾಗಿದರು. ಮೃದಂಗದ ಮೇಲೆ ಒಂದು ದೊಡ್ಡ ಪೆಟ್ಟು ಬಿತ್ತು, ಕುಸುಮಳ ಕೈ ತೊಡೆಯ ಮೇಲೆ ಫಟ್ಟನೆ ಇಳಿಯಿತು.

"ಭೇಷ್!" ಎಂದರು ಸಿದ್ದಮಲ್ಲಪ್ಪ. ತಮ್ಮ ದನಿ ತಮಗೆ ಕೇಳದ ಮೇಲೆ ಅವರ ಭೇಷ್ ಮೊದಲಿಗಿಂತ ಜೋರಾಗಿತ್ತು.

ಹಿಂದಿನ ಸಾಲುಗಳು ಚಪ್ಪಾಳೆ ತಟ್ಟಿದವು. ಅವರ ಬೆನ್ನಿಗೆ ಅದು ತಾಕಿತು. ಆದರೆ ಪಿಟೀಲಿನ ಕಮಾನು ಗಾಳಿಯಲ್ಲೇ ನಿಂತಿತ್ತು. ಮೃದಂಗದವನು ತಲೆ ತಗ್ಗಿಸಿದ್ದ. ಕುಸುಮಳ ಬಾಯಿ ತೆರೆದೇ ಇತ್ತು, ಕತ್ತಿನ ನರ ಅಲುಗುತ್ತಿರಲಿಲ್ಲ. ಕೈ ತೊಡೆಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಅವಳು ಅವರನ್ನೇ ನೋಡುತ್ತಿದ್ದಳು. ಬಾವಿಗೆ ಬಿದ್ದವರು ಮೇಲೆ ನಿಂತವರನ್ನು ನೋಡುವ ಹಾಗೆ. ಹೆಂಗಸರ ಸಾಲಿನಲ್ಲಿ ಅವಳವ್ವ ಶಿವಮ್ಮ, ಏನೋ ಒಳ್ಳೆಯದಾಯಿತೆಂದು ಎಲ್ಲರೊಡನೆ ಚಪ್ಪಾಳೆ ತಟ್ಟುತ್ತಿದ್ದಳು.

ತಪ್ಪಾಗಿದೆ ಎಂದು ಆಗ ಅವರಿಗೆ ತಿಳಿಯಿತು. ಮುಕ್ತಾಯವಲ್ಲ. ಜಾಗ ಕಳೆದುಕೊಂಡು, ತಾಳವೆಲ್ಲಿದೆ ಎಂದು ಹುಡುಕಲು ಹುಡುಗಿ ತೊಡೆ ಬಡಿದುಕೊಂಡಿದ್ದಳು. ಎತ್ತಿಕೊಳ್ಳುವ ಜಾಗ ತೋರಿಸಲು ಮೃದಂಗದವನು ದೊಡ್ಡ ಪೆಟ್ಟು ಕೊಟ್ಟಿದ್ದ.

ಪಿಟೀಲಿನವನು ಸಾಲನ್ನು ತಾನೇ ಎತ್ತಿಕೊಂಡಿರಬೇಕು, ಕಮಾನು ಮತ್ತೆ ಜಾರಿತು. ಒಂದು ಸುತ್ತು ಬಿಟ್ಟು ಕುಸುಮಳ ಬಾಯಿಯೂ ಅಲುಗಿತು. ರಂಗಸ್ವಾಮಿ ಇವರ ಎಡಕಿವಿಯ ಹತ್ತಿರಕ್ಕೆ ಬಾಗಿದರು. ಗಂಡಸರ ದಪ್ಪ ದನಿ ಅಷ್ಟು ಹತ್ತಿರ ಬಂದರೆ ಅವರಿಗೆ ತುಸು ದಕ್ಕುತ್ತಿತ್ತು.

"ತಪ್ಪಿದ್ದಕ್ಕೆ ಭೇಷ್ ಅಂತ ಅಷ್ಟು ಕಟುವಾಗಿ ಅಣಕಿಸಬಾರದಿತ್ತು ಮೇಷ್ಟ್ರೇ. ಇನ್ನೂ ಚಿಕ್ಕ ಹುಡುಗಿ."

ಆಗ ಹೇಳಬಹುದಿತ್ತು. ನನಗೆ ಕೇಳಿಸಲಿಲ್ಲ ರಂಗಸ್ವಾಮಿಯವರೇ, ನನಗೆ ಕಿವಿ ಇಲ್ಲ. ಪಕ್ಕದಲ್ಲಿ ಖಜಾಂಚಿ ಇಬ್ಬರ ಮುಖವನ್ನೂ ನೋಡುತ್ತಿದ್ದ. ಕ್ಯಾಮೆರಾ ಮತ್ತೆ ಇತ್ತ ತಿರುಗಿತು.

"ತಪ್ಪು ಅಂದ್ರೆ ತಪ್ಪೇ ಅಲ್ವಾ" ಎಂದರು ಸಿದ್ದಮಲ್ಲಪ್ಪ. "ಚಿಕ್ಕವರಾದ್ರೇನು."

ರಂಗಸ್ವಾಮಿ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯಲ್ಲಿ ಗೌರವವಿತ್ತು. ಅದು ಅವರಿಗೆ ಚಪ್ಪಾಳೆಗಿಂತ ಹೆಚ್ಚಾಗಿ ಚುಚ್ಚಿತು.

ಇನ್ನೂ ಮುಕ್ಕಾಲು ಗಂಟೆ ಕಚೇರಿ ನಡೆಯಿತು. ಅವರು ಕೈ ಅಲುಗಿಸಲಿಲ್ಲ. ಭೇಷ್ ಎನ್ನಲಿಲ್ಲ. ಅವರು ಅನ್ನದೆ ಇದ್ದದ್ದಕ್ಕೆ ಹಿಂದಿನ ಸಾಲುಗಳೂ ಸುಮ್ಮನಿದ್ದವು. ಕುಸುಮ ಮತ್ತೆ ಆ ಕಡೆ ನೋಡಲಿಲ್ಲ. ಕೊನೆಗೆ ಇಬ್ಬರು ಕೈ ಹಿಡಿದು ಎಬ್ಬಿಸಿದ ಮೇಲೆ ಅವರು ಮೈಕಿನ ಮುಂದೆ ನಿಂತು, ಮನೆಯಲ್ಲೇ ಬರೆದುಕೊಂಡು ಬಂದಿದ್ದ ನಾಲ್ಕು ಮಾತು ಓದಿದರು. ಅದರಲ್ಲಿ "ಕಲ್ಯಾಣಿಯಂತೂ ಕಿವಿಯಲ್ಲಿ ಇನ್ನೂ ಮೊಳಗುತ್ತಿದೆ" ಎಂಬ ಸಾಲಿತ್ತು. ಅಲ್ಲಿಗೆ ಬಂದಾಗ ಬಿಟ್ಟುಬಿಡಬೇಕೆಂದು ತೋಚಲಿಲ್ಲ, ಓದಿಬಿಟ್ಟರು. ಮುಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ಕಾಣಿಸಿತು.

ಊಟದ ಹಾಲಿನ ಬಾಗಿಲಲ್ಲಿ ಜನ ನೂಕಾಡುತ್ತಿದ್ದರು. ಕುಸುಮ ಆ ಜನದ ನಡುವೆಯೇ ಬಂದು ಅವರ ಕಾಲು ಮುಟ್ಟಿದಳು. ಕಣ್ಣು ಊದಿಕೊಂಡಿತ್ತು. ಎದ್ದು ನಿಂತು ಏನೋ ಹೇಳಿದಳು. ತುಟಿ ಬಿಗಿಯಾಗಿದ್ದರಿಂದ ಒಂದಕ್ಷರವೂ ಹತ್ತಲಿಲ್ಲ. ಊಟಕ್ಕೆ ನಿಲ್ಲದೆ ಹೊರಡುತ್ತಿದ್ದಾಳೆ, ಹೋಗಿ ಬರುತ್ತೇನೆ ಎನ್ನುತ್ತಿದ್ದಾಳೆ ಎಂದುಕೊಂಡರು.

"ಆಗ್ಲಿ ಕಣವ್ವ, ಅಂಗೇ ಮಾಡು. ಒಳ್ಳೇದಾಗ್ಲಿ" ಎಂದು ತಲೆ ಮುಟ್ಟಿದರು.

ಹುಡುಗಿ ಒಂದು ಗಳಿಗೆ ಅಲ್ಲೇ ನಿಂತಿದ್ದು, ತಿರುಗಿ ಜನದೊಳಗೆ ಹೋಗಿಬಿಟ್ಟಳು.

ಮಧ್ಯಾಹ್ನ ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಪುಟ್ಟಬಸಮ್ಮ ಅವರ ಮುಂದೆ ಬಂದು ನಿಂತರು. ಮನೆಯಲ್ಲಿ ಅವರು ಎದುರಿಗೆ ನಿಂತು, ಬಾಯಿ ಅಗಲಿಸಿ, ಒಂದೊಂದೇ ಮಾತು ಬಿಡಿಸಿ ಕೂಗುವುದು ಅಭ್ಯಾಸವಾಗಿತ್ತು.

"ಆ ಮಗ ಏನ್ ಕೇಳ್ತು, ನೀವೇನಂದ್ರಿ, ಗೊತ್ತಾ?"

"ಓಯ್ತೀನಿ ಅಂತು. ಆಗ್ಲಿ ಅಂದೆ."

"ಓಯ್ತೀನಿ ಅನ್ನಿಲ್ಲ ಕಣ್ರಿ. 'ಸಂಗೀತವ ಬುಟ್ಬುಡ್ಲಾ ಮೇಷ್ಟ್ರೇ' ಅಂತು. ನಾನು ಎರಡಾಳ್ ಹಿಂದೆ ನಿಂತಿದ್ದೆ. ನನ್ ಕಿವೀಲೇ ಕೇಳ್ದೆ."

ಸಿದ್ದಮಲ್ಲಪ್ಪ ಅಂಗಿಯ ಗುಂಡಿ ಬಿಚ್ಚುತ್ತಿದ್ದವರು ಹಾಗೇ ನಿಂತರು. ಎರಡನೇ ಗುಂಡಿಯ ಮೇಲೆ ಬೆರಳು ಇತ್ತು.

"ಅಲ್ಲೇ ನಂಗೆ ಏಳ್ಬೇಕಾಗಿತ್ತು ನೀನು."

"ಏನಂತ ಏಳ್ಲಿ? ನಮ್ಮೆಜಮಾನ್ರಿಗೆ ಕಿವಿ ಕೇಳಕಿಲ್ಲ ಅಂತ ಆಟು ಜನದ ಮುಂದೆ ಕೂಗ್ಲಾ? ಎರಡು ವರ್ಸದಿಂದ ನಾನು ನಿಮ್ ಮಾನ ಕಾಯ್ತಾ ಕುಂತೀವ್ನಿ. ಇವತ್ತು ಆ ಮಗೀನ ಮಖ ನೋಡೂವೆ ಬಾಯಿ ಬುಡ್ನಿಲ್ಲ. ನಂಗೂ ಪಾಪ ಸುತ್ಕತು." ಸೆರಗಿನಿಂದ ಮೂಗೊರೆಸಿಕೊಂಡು, "ಒಸಿ ಮಲೀಕಳಿ" ಎಂದು ಒಳಗೆ ಹೋದರು.

ಅವರು ಮಲಗಲಿಲ್ಲ. ಬಿಚ್ಚಿದ್ದ ಒಂದು ಗುಂಡಿಯನ್ನು ಮತ್ತೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು. ಹನೂರಿನ ಮೇಲೆ ಹೋಗುವ ರಾಮಾಪುರದ ಬಸ್ಸು ಹೊರಡುವುದರಲ್ಲಿತ್ತು. ಕಂಡಕ್ಟರ್ ಏನೋ ಕೇಳಿದ, "ಹನೂರು ಒಂದು" ಎಂದರು. ಮತ್ತೇನೋ ಕೇಳಿದ. ಎಂದಿನ ಹಾಗೆ ಸುಮ್ಮನೆ ನಕ್ಕು ತಲೆಯಾಡಿಸಿದರು. ಆ ನಗು ತಮ್ಮ ಮುಖದ ಮೇಲೆ ತಾನಾಗಿಯೇ ಬಂದು ಕೂತದ್ದನ್ನು ಕಿಟಕಿಯ ಗಾಜಿನಲ್ಲಿ ಕಂಡು ಅವರಿಗೆ ಹೇಸಿಗೆಯಾಯಿತು. ಕಾಮಗೆರೆ ದಾಟುವವರೆಗೆ ಮುಖವನ್ನು ಕೈಯಲ್ಲಿ ಉಜ್ಜಿಕೊಳ್ಳುತ್ತಾ ಕೂತಿದ್ದರು.

ನಿಂಗರಾಜುವಿನ ಮನೆಯ ಜಗಲಿಯಲ್ಲಿ ಕುಸುಮ ಒಬ್ಬಳೇ ಕೂತಿದ್ದಳು. ಕಚೇರಿಯ ಸೀರೆ ಬದಲಾಯಿಸಿ ನೈಟಿಯ ಮೇಲೆ ಟವೆಲ್ ಹೊದ್ದಿದ್ದಳು. ಅವರನ್ನು ನೋಡಿ ಎದ್ದಳು, ಬನ್ನಿ ಎನ್ನಲಿಲ್ಲ. ಅಪ್ಪ ಕರೆಂಟಿನ ಕೆಲಸಕ್ಕೆ ಹೋಗಿದ್ದಾನೆ ಎಂಬಂತೆ ಕಂಬದ ಕಡೆ ಕೈ ತೋರಿಸಿದಳು.

ಸಿದ್ದಮಲ್ಲಪ್ಪ ಜಗಲಿಯ ಅಂಚಿನಲ್ಲಿ ಕೂತರು.

"ನಂಗೆ ಕಿವಿ ಕೇಳಲ್ಲ ಕಣವ್ವ" ಎಂದರು. "ಎರಡು ವರ್ಷ ಆಯ್ತು. ನೀನು ಹಾಡಿದ್ದು ಒಂದಕ್ಷರಾನೂ ಕೇಳಿಲ್ಲ. ಕೈ ನೋಡ್ಕೊಂಡು ಭೇಷ್ ಅಂದೆ. ಊಟದ ಹಾಲಲ್ಲಿ ನೀನು ಕೇಳಿದ್ದೂ ಗೊತ್ತಾಗ್ಲಿಲ್ಲ. ಗೊತ್ತಾಗಿದ್ರೆ ಆಗ್ಲಿ ಅಂತಿದ್ನೇನವ್ವ?"

ಕುಸುಮಳ ಮುಖದಲ್ಲಿ ಮೊದಲು ಏನೂ ಆಗಲಿಲ್ಲ. ಆಮೇಲೆ ಕೆಂಪಾಯಿತು. ಅವಳು ಮಾತಾಡಿದಳು. ಅವರು ಕಿವಿಯ ಹಿಂದೆ ಕೈಯಿಟ್ಟು ತಲೆ ಅಲ್ಲಾಡಿಸಿದರು. ಅವಳು ಹತ್ತಿರ ಬಂದು ಜೋರಾಗಿ ಹೇಳಿದಳು. ಇನ್ನೂ ಹತ್ತಲಿಲ್ಲ. ಕೊನೆಗೆ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು, ಎದೆಯಿಂದ ದನಿ ತೆಗೆದು ಕೂಗಿದಳು.

"ಎರಡು ವರ್ಸ ನನ್ ಪಾಟ ಒಪ್ಪುಸ್ಕಂಡ್ರಲ್ಲ! ಸರಿಯಾಗ್ ಅದೆ, ಸರಿಯಾಗ್ ಅದೆ ಅಂದ್ರಲ್ಲ! ಸುಳ್ಳಾ ಅದೆಲ್ಲ?"

"ಸುಳ್ಳು."

"ಎಲ್ರೂ ಚಪ್ಪಾಳೆ ತಟ್ಟುದ್ರು! ನಮ್ಮವ್ವನೂ ತಟ್ತು! ಸತ್ತೋಗ್ಬುಡಾವ ಅನ್ನುಸ್ತು ನಂಗೆ!"

ಅವರು ತಲೆ ತಗ್ಗಿಸಿದರು. ಈ ಸಲ ಪ್ರತಿಯೊಂದು ಮಾತೂ ಕೇಳಿಸಿತ್ತು.

ಬೀದಿಯ ಆಚೆ ಎರಡು ಬಾಗಿಲು ತೆರೆದವು. ಎದುರು ಮನೆಯ ವೀರಮ್ಮ, ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಮುದುಕಿ, ಕಣ್ಣಿಗೆ ಕೈ ಅಡ್ಡ ಹಿಡಿದು ಎದ್ದು ನಿಂತು ಏನೋ ಕೇಳಿದಳು. ಯಾಕೆ ಜಗಳ ಎಂದು ಕೇಳುತ್ತಿದ್ದಾಳೆ ಎಂದು ಸಿದ್ದಮಲ್ಲಪ್ಪನವರಿಗೆ ಊಹೆಯಾಯಿತು. ಕುಸುಮ ಅವಳ ಕಡೆ ತಿರುಗಿ ಬಾಯಿ ತೆರೆದವಳು ನಿಲ್ಲಿಸಿ, ಮೇಷ್ಟ್ರ ಮುಖ ನೋಡಿದಳು. ಹೇಳಲೋ ಬೇಡವೋ ಎಂದು ಅವಳು ಅನುಮಾನಿಸುತ್ತಿದ್ದಳು. ಅವರು ತಾವೇ ಎದ್ದು ನಿಂತರು.

"ಜಗಳ ಅಲ್ಲ ಕಣವ್ವ!" ಎಂದು ಬೀದಿಗೆ ಕೇಳುವ ಹಾಗೆ ಕೂಗಿದರು. "ನಾನು ಕಿವುಡ! ಕೂಗಿದ್ರೇ ಕೇಳೋದು!"

ವೀರಮ್ಮ ಗಲ್ಲದ ಮೇಲೆ ಬೆರಳಿಟ್ಟುಕೊಂಡಳು. ಮತ್ತೊಂದು ಬಾಗಿಲಿನ ಹೆಂಗಸು ಒಳಗಿದ್ದ ಯಾರಿಗೋ ತಿರುಗಿ ಹೇಳಿದಳು. ಸಂಜೆಯೊಳಗೆ ಕೊಳ್ಳೇಗಾಲಕ್ಕೆ ಸುದ್ದಿ ಮುಟ್ಟುತ್ತದೆ ಎಂದು ಅವರಿಗೆ ಅನ್ನಿಸಿತು. ಮತ್ತೆ ಜಗಲಿಯ ಮೇಲೆ ಕೂತುಕೊಂಡರು.

"ಎಲ್ಲಿ ತಪ್ತು, ಹೇಳು."

ಕುಸುಮ ಅವರ ಬಲಗೈಯನ್ನು ಎಳೆದುಕೊಂಡು, ಅಂಗೈಯ ಮೇಲೆ ತನ್ನ ಕೈಯಿಂದ ತಾಳ ಹಾಕತೊಡಗಿದಳು. ಒಂದು ಏಟು, ಇನ್ನೊಂದರ ಅರ್ಧ. ಬೆರಳಿನಿಂದ ಒತ್ತಿ ತೋರಿಸಿದಳು. ಒಂದೂವರೆಗೆ ಕಾಯದೆ ಒಂದಕ್ಕೇ ಎತ್ತಿಕೊಂಡಿದ್ದಳು. ಅರ್ಧ ಎಣಿಕೆ ಮುಂಚೆ.

"ಇಷ್ಟೇನಾ?" ಎಂದರು.

"ಇಷ್ಟೇ!" ಎಂದು ಕೂಗಿದಳು. ಅಳುತ್ತಿದ್ದಳು.

"ಸ್ವರ ಎಲ್ಲಿಂದ ಇಳಿಸ್ದೆ? ಅಲ್ಲಿಂದ ಹಾಡು. ಕೈ ಬಿಡಬೇಡ."

ಹಾಡುತ್ತಾಳೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ಅವಳು ಟವೆಲಿನಿಂದ ಮುಖ ಒರೆಸಿಕೊಂಡಳು, ಬೀದಿಯ ಎರಡೂ ಕಡೆ ನೋಡಿದಳು. ಆಮೇಲೆ ಅವಳ ತುಟಿಗಳು ಅಲುಗಿದವು. ಅಂಗೈಯ ಮೇಲೆ ಏಟು ಬೀಳುತ್ತಾ ಹೋಯಿತು. ಅವರು ಅವಳ ಮುಖ ನೋಡಲಿಲ್ಲ, ನೆಲ ನೋಡುತ್ತಾ ಏಟು ಎಣಿಸಿದರು. ಕೊನೆಯ ಏಟು ಬಿದ್ದು ಕೈ ನಿಂತಾಗ ತಲೆಯೆತ್ತಿದರು. ಹಳೆಯ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡರು.

"ಸರಿಗೆ ಬಂತಾ? ನೀನೇ ಹೇಳು."

"ಬರ್ನಿಲ್ಲ!" ಎಂದು ಕುಸುಮ ಕೂಗಿದಳು. "ತಡೀರಿ, ಇನ್ನೊಂದ್ ಸಲ!"

ಆಚೆಗೆ ವೀರಮ್ಮ ಹುಣಸೆಹಣ್ಣಿನ ಮೊರವನ್ನು ಗೋಡೆಯ ಕಡೆ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು, ತನ್ನ ಜಗಲಿಯ ಮೇಲೆ ಕಾಲು ಚಾಚಿ ಕೂತಳು.